ಡಬ್ಬಿಯ ಮೇಲೆ ಕೆತ್ತಿದ ಹೆಸರು

ತನ್ನ ಹೆಸರನ್ನು ತಾನೇ ಬಳಸಬಾರದಂತೆ! ಕರೋಶಿಯ ತುಳಸವ್ವನಿಗೆ ಬಂದ ವಕೀಲರ ನೋಟಿಸನ್ನು ಮಗಳು ಮಯೂರಿ ಎರಡೆರಡು ಸಲ ಓದಿದಳು. ‘ತುಳಸವ್ವನ ಖಾರ’ ಎಂಬ ಹೆಸರನ್ನು ಮೊದಲು ಬಳಸಿದವನು ಚಿಕ್ಕೋಡಿಯ ವ್ಯಾಪಾರಿ ಭೀಮಗೊಂಡ, ಅದೀಗ ಅವನ ಟ್ರೇಡ್‌ಮಾರ್ಕು, ಆ ಹೆಸರಿನಲ್ಲಿ ಖಾರ ಮಾರುವುದನ್ನು ತುಳಸವ್ವ ಹದಿನೈದು ದಿನದಲ್ಲಿ ನಿಲ್ಲಿಸಬೇಕು.

“ಇವನ ಬಾಯಾಗ ಮಣ್ಣ ಬೀಳ್ಲಿ!” ಎಂದು ತುಳಸವ್ವ ಹುರಿಯುತ್ತಿದ್ದ ಕೊಬ್ಬರಿಯನ್ನು ಒಲೆಯ ಮೇಲೆಯೇ ಬಿಟ್ಟು ಎದ್ದಳು.

ಗಂಡ ತೀರಿದ ಮೇಲೆ ಇಪ್ಪತ್ತು ವರ್ಷ ಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿ, ಘಾಟಿಗೆ ಕೆಮ್ಮಿ ಕೆಮ್ಮಿ ಗಳಿಸಿದ ಹೆಸರದು. ರಾಯಬಾಗದ ಸಂತೆಯಲ್ಲಿ ಜನ ಅವಳ ಹೆಸರು ಹಿಡಿದೇ ಖಾರ ಕೇಳುತ್ತಿದ್ದರು. ತಪ್ಪು ಅವಳದೂ ಇತ್ತೆನ್ನಿ. ಭೀಮಗೊಂಡ ಕರೋಶಿಯ ಅಳಿಯ. ಎರಡು ವರ್ಷದ ಹಿಂದೆ ಬಂದು, “ಅತ್ತಿ, ನಿಮ್ಮ ಖಾರ ಅಂಗಡಿ ಅಂಗಡಿಗೆ ಮುಟ್ಟಸ್ತೀನ್ರಿ, ಇಲ್ಲೊಂದ ಸಹಿ ಮಾಡ್ರಿ” ಎಂದು ಕಾಗದ ಚಾಚಿದ್ದ. ಓದಲು ಕೈಚಾಚಿದ ಮಯೂರಿಯನ್ನು ತುಳಸವ್ವ ಕಣ್ಣಲ್ಲೇ ಗದರಿಸಿದಳು. ಊರ ಅಳಿಯನ ಮೇಲೆ ಸಂಶಯಪಡುವುದುಂಟೇ? ಚಹಾ ಕುಡಿಸಿ ಸಹಿ ಹಾಕಿಕೊಟ್ಟಳು. ಆ ಹೆಸರು ಮೊದಲಿನಿಂದಲೂ ಅವನದೇ ಎಂದು ಕಾಗದದಲ್ಲಿ ಬರೆದಿತ್ತೆಂಬುದು ಈಗ ತಿಳಿಯಿತು.

“ಅವನಕಿಂತ ಮೊದಲ ನೀವ ಈ ಹೆಸರಲೆ ಮಾರೀರಿ ಅನ್ನಾಕ ಪುರಾವೆ ಐತೇನ್ರಿ?” ಎಂದು ಕೇಳಿದರು ತಾಯಿ ಮಗಳು ಹೋಗಿ ಕಂಡ ವಕೀಲ ಜಯಪಾಲ. “ಬಿಲ್ಲು, ಪಾವತಿ?”

ಸಂತೆಯಲ್ಲಿ ಖಾರ ಮಾರುವವಳಿಗೆ ಯಾವ ಬಿಲ್ಲು! ತುಳಸವ್ವನಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆಗಲೇ ಡಬ್ಬಿಗಳ ನೆನಪಾಯಿತು. ಊರ ಹೆಣ್ಣುಮಕ್ಕಳ ಮದುವೆಗೆ ಅವಳು ಸ್ಟೀಲಿನ ಡಬ್ಬಿಯ ತುಂಬ ಖಾರ ಕೊಡುತ್ತಿದ್ದಳು. ಡಬ್ಬಿಯ ಮೇಲೆ ತನ್ನ ಖಾರದ ಹೆಸರು, ಮದುವೆಯ ತಾರೀಕು ಕೆತ್ತಿಸಿರುತ್ತಿದ್ದಳು.

ನಾಲ್ಕನೆಯ ದಿನ ಭೀಮಗೊಂಡನ ಅಂಗಡಿ ಹತ್ತಿದಳು.

“ಕಾಯ್ದೆ ಪ್ರಕಾರ ಹೆಸರ ನಂದೈತ್ರಿ ಅತ್ತಿ,” ಅವನು ಕುರ್ಚಿಯಿಂದ ಏಳಲೂ ಇಲ್ಲ. “ನೀವು ಬ್ಯಾರೆ ಹೆಸರ ಇಟ್ಕೋರಿ.”

ತುಳಸವ್ವ ಸೆರಗಿನ ಮರೆಯಿಂದ ಒಂದು ಹಳೆಯ ಡಬ್ಬಿ ತೆಗೆದು ಅವನ ಮುಂದೆ ಕುಕ್ಕಿದಳು. “ಓದ ಲೇ!”

ಅಳಿಯನಿಗೆ ಅವಳು ‘ಲೇ’ ಅಂದದ್ದು ಅದೇ ಮೊದಲು. ‘ತುಳಸವ್ವನ ಖಾರ, ಕರೋಶಿ’ ಎಂದಿತ್ತು, ಕೆಳಗೆ ಹದಿನಾಲ್ಕು ವರ್ಷ ಹಿಂದಿನ ತಾರೀಕು. ಅವನ ಮುಖ ಬಿಳಿಚಿತು.

“ಇದ... ಎಲ್ಲಿ ಸಿಕ್ತು?”

“ನಿನ್ನ ಅಡಿಗಿಮನ್ಯಾಗ. ನಿನ್ನ ಮದಿವ್ಯಾಗ ನಾನ ಕೊಟ್ಟಿದ್ದ. ಇಷ್ಟ ವರ್ಷ ಉಂಡ, ಉಂಡ ಮನೀಗೇ ಎರಡ ಬಗದ್ಯಲ್ಲೋ! ನಿನ್ನ ಹೆಂಡ್ತಿ ನೀಲಮಾನ ಇದನ್ನ ತಿಕ್ಕಿ ತೊಳದ ಕೊಟ್ಟಾಳ. ಕೋರ್ಟಿನ್ಯಾಗ ಸಾಕ್ಷಿನೂ ಅಕಿನ ಹೇಳ್ತಾಳಂತ.”