ರಾಜರ ಮುಖಕ್ಕೆ ಮಸಿ ಬಳಿಯುವಾಕೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮೂರನೆಯ ಮಹಡಿಯ ಕಿರುಕೋಣೆಯಲ್ಲಿ ಕಿಟಕಿಗೆ ಒತ್ತಿ ಹಾಕಿದ ಇಳಿಜಾರು ಮೇಜು. ಅದರ ಮುಂದೆ ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ಉಸಿರು ಬಿಗಿಹಿಡಿದು ಕೂತಿದ್ದಾರೆ. ಎದುರಿನ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ ತಿದ್ದಿದ ಯುದ್ಧನೌಕೆಯೊಂದು ನಡು ಮುರಿದುಕೊಂಡು ಕತ್ತಲಲ್ಲಿ ತೇಲುತ್ತಿದೆ. ಅವರು ಕುಂಚವನ್ನು ಮಸಿಯಲ್ಲಿ ಅದ್ದುತ್ತಾರೆ, ಬಾಟಲಿಯ ಬಾಯಿಗೆ ತುದಿಯನ್ನೊಮ್ಮೆ ಒರೆಸುತ್ತಾರೆ, ನೌಕೆಯ ಹೊಟ್ಟೆಯಗುಂಟ ಒಂದೇ ಏಟಿಗೆ ಉದ್ದ ಗೆರೆ ಎಳೆಯುತ್ತಾರೆ. ಗೆರೆ ಮೂತಿಯ ಬಳಿ ದಪ್ಪಗೆ ಹುಟ್ಟಿ ಬಾಲದ ಹೊತ್ತಿಗೆ ಕೂದಲಿನಷ್ಟಾಗುತ್ತದೆ. ಆಮೇಲೆ ಉಸಿರು ಬಿಡುತ್ತಾರೆ.

"ಈಗ ಮಾತಾಡಿ. ಗೆರೆ ನಡುವೆ ಮಾತಾಡಿದ್ರೆ ಹಡಗು ಮುಳುಗತ್ತೆ" ಎನ್ನುತ್ತಾರೆ, ನನ್ನ ಕಡೆ ತಿರುಗದೆಯೇ.

ಅಚ್ಚುಮನೆಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಮಸಿಯಕ್ಕ ಎಂದು. ಮನೆಯಲ್ಲೂ ಅದೇ ಹೆಸರು ಅಂಟಿದೆ. ಚಹಾ ಹಿಡಿದು ಬಂದ ಅತ್ತೆ ಬಾಗಿಲಲ್ಲೇ ನಿಂತು ಸೊಸೆಯ ಪರಿಚಯ ಮಾಡಿಕೊಡುತ್ತಾರೆ: "ನಮ್ಮ ಸೊಸೆ ದಿನಾ ಬೆಳಿಗ್ಗೆ ಎದ್ದು ಹತ್ತು ಜನರನ್ನ ಕೊಲ್ತಾಳೆ. ಆಮೇಲೇ ಮುಖ ತೊಳ್ಯೋದು." ಮೇಜಿನ ಮೂಲೆಯಲ್ಲಿರುವ ಹಲ್ಲುಜ್ಜುವ ಹಳೆಯ ಬ್ರಶ್ಶನ್ನೂ ತೋರಿಸುತ್ತಾರೆ. ಅದನ್ನು ಬಿಳಿ ಬಣ್ಣದಲ್ಲಿ ಅದ್ದಿ, ಹೆಬ್ಬೆರಳಿನಿಂದ ಕೂದಲನ್ನು ಹಿಂದಕ್ಕೆ ಮೀಟಿದರೆ ಕಪ್ಪು ಆಕಾಶದ ತುಂಬ ನಕ್ಷತ್ರಗಳು ಉದುರುತ್ತವೆ. "ಆ ಬ್ರಶ್ಶು ನಂದು. ಲೋಕದ ನಕ್ಷತ್ರ ಎಲ್ಲಾ ನನ್ನ ಹಲ್ಲಿಂದಾನೇ ಹುಟ್ಟಿದ್ದು!"

'ಉಲ್ಕಾವಂಶ' ಓದದ ಮನೆಯಿರಬಹುದು, ಓದುವ ಮಕ್ಕಳಿಲ್ಲದ ಬೀದಿ ಇರಲಾರದು. ನಕ್ಷತ್ರಗಳ ನಡುವಿನ ಹೆಬ್ಬಾಗಿಲೊಂದನ್ನು ತಲೆತಲಾಂತರದಿಂದ ಕಾಯುತ್ತ ಬಂದ ಯೋಧರ ಮನೆತನದ ಚಿತ್ರಕಾದಂಬರಿ ಅದು. ಒಂದೊಂದು ಸಂಪುಟಕ್ಕೆ ಒಂದೊಂದು ತಲೆಮಾರು. ಮೊದಲ ದೊರೆ, ಒಂಟಿಗಣ್ಣಿನ ರಾಣಿ, ತಮ್ಮನನ್ನೇ ಸೆರೆಗೆ ತಳ್ಳಿದ ಐದನೆಯವನು ಹೀಗೆ ಹತ್ತು ಜನ, ಹತ್ತು ಸಂಪುಟ. ಆ ವಂಶಕ್ಕೆ ಇರುವುದು ಒಂದೇ ಕಟ್ಟಳೆ: ಕೈಯಿಂದ ಕತ್ತಿ ಜಾರಿದರೆ ತಲೆಯಿಂದ ಪಟ್ಟವೂ ಜಾರಿತು. ಕಥೆ ಕಟ್ಟಿ ಚಿತ್ರ ಬರೆದವರು, ಓದುಗರೆಲ್ಲ 'ಚಿತ್ರದ ಮೇಷ್ಟ್ರು' ಎಂದು ಕರೆಯುವ ಹಿರಿಯರು. ಅವರು ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟ ಪ್ರತಿಯೊಂದು ಗೆರೆಯ ಮೇಲೂ ಮಸಿ ಓಡಿಸಿ, ಅಚ್ಚಿಗೆ ಹೋಗುವಂತೆ ಮಾಡಿದವರು ಮಸಿಯಕ್ಕ. ಪೆನ್ಸಿಲ್ ಗೆರೆಯಲ್ಲಿ ಕತ್ತಿ ಬರೀ ಕತ್ತಿ. ಅದು ಹರಿತವೋ ಮೊಂಡೋ, ಅದರ ಮೇಲಿರುವುದು ಬೆಳಕೋ ರಕ್ತವೋ ಎನ್ನುವುದು ತೀರ್ಮಾನವಾಗುವುದು ಮಸಿಯಲ್ಲಿ.

ಕುಂಚ ಕೈಗೆ ಬಂದದ್ದು ಅಪ್ಪನಿಂದ. ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಏಣಿಯ ಕೆಳಗೆ ಬಣ್ಣದ ಡಬ್ಬಿ ಹಿಡಿದು ನಿಲ್ಲುತ್ತಿದ್ದ ಹುಡುಗಿಗೆ ಮೊದಲು ಸಿಕ್ಕ ಕೆಲಸ ಅಕ್ಷರಗಳ ನೆರಳು ತುಂಬುವುದು. "ಅಪ್ಪ ಒಂದೇ ಮಾತು ಹೇಳ್ಕೊಟ್ರು. ಕೈ ನಡುಗ್ತಿದೆ ಅಂದ್ರೆ ಗೆರೆ ಎಲ್ಲಿ ಮುಗಿಯತ್ತೆ ಅಂತ ನಿಂಗೆ ಗೊತ್ತಿಲ್ಲ ಅಂತ. ಮುಗಿಯೋ ಜಾಗ ನೋಡು, ಕೈ ತಾನಾಗೇ ಹೋಗತ್ತೆ ಅಂತ." ಒಂದು ದಿನ ಅಚ್ಚುಮನೆಯ ಬೋರ್ಡು ಬರೆಯಲು ಅಪ್ಪ-ಮಗಳು ಹೋದಾಗ, ಒಳಗೆ ಕೂತಿದ್ದ ಮೇಷ್ಟ್ರು ಹೊರಗೆ ಬಂದು ನೆರಳು ತುಂಬುತ್ತಿದ್ದ ಕೈಯನ್ನೇ ನೋಡುತ್ತ ನಿಂತರಂತೆ. ಅವರ ಮಸಿಗಾರ ಆಗಷ್ಟೇ ಕೆಲಸ ಬಿಟ್ಟಿದ್ದ. "ಹುಡುಗೀ, ಏಣಿಯಿಂದ ಇಳಿದು ಬಾ. ಒಬ್ಬ ರಾಜ ಇದ್ದಾನೆ, ಅವನಿಗೂ ನೆರಳು ಬೇಕು" ಎಂದರು. ಇಳಿದು ಹೋದವರು ಮತ್ತೆ ಏಣಿ ಹತ್ತಲಿಲ್ಲ.

ಹಾಗೆಂದು ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದೇ ಕೋಣೆಯ ಮನೆ. ಊಟದ ಹಲಗೆಯನ್ನೇ ಒರೆಸಿ ಮೇಜು ಮಾಡಿಕೊಳ್ಳಬೇಕು. ಮಗಳು ಅಂಬೆಗಾಲಿಡುವಾಗ ಒಂದು ಸಂಪುಟದ ಮುಖಪುಟದ ಮೇಲೆ ಅಂಗೈ ಊರಿಬಿಟ್ಟಳು. ಒದ್ದೆ ಮಸಿಯಲ್ಲಿ ಐದು ಪುಟ್ಟ ಬೆರಳು! ಮೇಷ್ಟ್ರು ಬೈಯಲಿಲ್ಲ, ಅದನ್ನು ಗ್ರಹದ ಮೇಲಿನ ಬಿರುಗಾಳಿ ಮಾಡಿಬಿಟ್ಟರು. ಈಗ ಮಸಿಯಕ್ಕನ ಬೆರಳ ಗೆಣ್ಣುಗಳು ಚಳಿಗಾಲದಲ್ಲಿ ಊದಿಕೊಳ್ಳುತ್ತವೆ. ಬಿಸಿನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತು, ಬೆರಳು ಮಡಚಲು ಬಂದ ಮೇಲೆ ಕೆಲಸ.

ಇಷ್ಟಾದರೂ ಈ ಕೆಲಸವೇನೆಂದು ಜನಕ್ಕೆ ತಿಳಿಸುವುದು ಸುಲಭವಲ್ಲ. ಮಗಳು ಶಾಲೆಗೆ ಸೇರಿದ ವರ್ಷ, ಅಮ್ಮ ಏನು ಮಾಡುತ್ತಾರೆ ಎಂದು ಟೀಚರ್ ಕೇಳಿದರು. "ನಮ್ಮಮ್ಮ ರಾಜರ ಮುಖಕ್ಕೆ ಮಸಿ ಬಳೀತಾರೆ" ಎಂದು ಆಕೆ ಎದೆಯುಬ್ಬಿಸಿ ಹೇಳಿದಳು. ಮರುದಿನ ಅಮ್ಮನಿಗೆ ಶಾಲೆಯಿಂದ ಕರೆ. "ಟೀಚರು ನನ್ನನ್ನ ಯಾವುದೋ ಚಳವಳಿಯವಳು ಅಂದ್ಕೊಂಡಿದ್ರು. ಪುಸ್ತಕ ತೋರಿಸ್ದೆ. ಆಮೇಲೆ ಅದನ್ನ ವಾಪಸ್ ಕೊಡ್ಲೇ ಇಲ್ಲ" ಎಂದು ನಗುತ್ತಾರೆ.

ಹತ್ತನೆಯ ಸಂಪುಟ ಅರ್ಧಕ್ಕೆ ಬಂದಿದ್ದಾಗ ಮೇಷ್ಟ್ರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸತ್ತಂತಾಯಿತು. ಮಾತು ತೊದಲಿದರೂ ಉಳಿಯಿತು, ಕಥೆಯೂ ತಲೆಯಲ್ಲಿ ಉಳಿಯಿತು. ಉಳಿದ ಭಾಗವನ್ನು ಕಂಪ್ಯೂಟರಿನಲ್ಲಿ ಬರೆಯುವ ಹೊರಗಿನವರಿಗೆ ಒಪ್ಪಿಸೋಣ ಎಂದು ಪ್ರಕಾಶಕರು ಹೊರಟಾಗ ಮೇಷ್ಟ್ರು ಎಡಗೈ ಎತ್ತಿ ಮಸಿಯಕ್ಕನನ್ನು ತೋರಿಸಿದರು. ಮಸಿಯಕ್ಕ ಎದ್ದು ನಿಂತೇಬಿಟ್ಟರು.

"ಆಗಲ್ಲ ಮೇಷ್ಟ್ರೇ ಅಂದೆ. ನೀವು ಗೆರೆ ಎಳೆದ್ರೆ ನಾನು ಮಸಿ ಹಾಕ್ತೀನಿ. ಖಾಲಿ ಹಾಳೆ ಮುಂದೆ ಕೂತ್ರೆ ನಾನು ಯಾರು? ಅಂತ."

ಮಸಿಯಕ್ಕ 'ಅಕ್ಕ' ಎಂದೇ ಕರೆಯುವ ಮೇಷ್ಟ್ರ ಹೆಂಡತಿ ಬಾಯಿ ಬಿಟ್ಟದ್ದು ಆಗ. "ಇಷ್ಟು ವರ್ಷ ಇವರು ಗಡಿಬಿಡೀಲಿ ಗೀಚಿ ಕಳಿಸ್ತಿದ್ದ ಹಾಳೆ ನಾನೂ ನೋಡಿದ್ದೀನಿ ಕಣೇ. ಬರೀ ಮೊಟ್ಟೆ, ಕಡ್ಡಿ ಇರ್ತಿತ್ತು. ಅದಕ್ಕೆ ಮೂಗು ಬಾಯಿ ಇಟ್ಟಿದ್ದು ಯಾರು? ದೆವ್ವಾನಾ?"

ಒಪ್ಪಿಕೊಂಡ ಮಸಿಯಕ್ಕ ಮೊದಲು ಬರೆದ ಪುಟಗಳನ್ನು ಮೇಷ್ಟ್ರು ಒಂದೊಂದಾಗಿ ನೋಡಿ ಹಾಸಿಗೆಯ ಆಚೆಗೆ ತಳ್ಳಿದರು. ಅವರ ಹಳೆಯ ಪುಟಗಳನ್ನು ಎದುರಿಗಿಟ್ಟುಕೊಂಡು, ಅವರದೇ ನಿಲುವು, ಅವರದೇ ಮುಖಗಳನ್ನು ಅಚ್ಚೊತ್ತಿದಂತೆ ಇಳಿಸಿದ್ದರು ಮಸಿಯಕ್ಕ. "ಇದು ನನ್ನ ಹೆಣ. ನಾನಿನ್ನೂ ಬದುಕಿದ್ದೀನಿ" ಎಂದರಂತೆ ಮೇಷ್ಟ್ರು. ಮನೆಗೆ ಬಂದು ಅತ್ತೆಯ ಮುಂದೆ ಅತ್ತದ್ದನ್ನು ಮಸಿಯಕ್ಕ ಮುಚ್ಚಿಡುವುದಿಲ್ಲ. ಅತ್ತೆ ಸಮಾಧಾನ ಹೇಳಲಿಲ್ಲ. ಕಿಟಕಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತು, "ನನ್ನನ್ನ ಬರಿ. ನನ್ನ ಮುಖ ಯಾವ ಮೇಷ್ಟ್ರೂ ಬರೆದಿಲ್ಲ" ಎಂದರು. ಆ ಸಂಪುಟದಲ್ಲಿ ಬರುವ ಶತ್ರುಪಡೆಯ ಮುದಿ ಸೇನಾಪತಿಗೆ ಅತ್ತೆಯ ಗಲ್ಲವಿದೆ, ಅತ್ತೆಯ ಹುಬ್ಬಿದೆ. ಅದನ್ನು ಕಂಡ ಮೇಷ್ಟ್ರು ತುಂಬ ಹೊತ್ತು ಹಾಳೆ ಕೆಳಗಿಡಲಿಲ್ಲ. "ಇವನು ಯಾರು? ಇವನು ನನಗೆ ಗೊತ್ತಿಲ್ಲ. ಒಳ್ಳೇದಾಯ್ತು, ಮುಂದಕ್ಕೆ ಹೋಗು" ಎಂದರು.

ಮುಂದಕ್ಕೆ ಹೋದದ್ದು ನೇರ ಜಗಳಕ್ಕೆ. ಕೊನೆಯ ಪುಟಗಳಲ್ಲಿ ಶತ್ರುನೌಕೆ ಧೂಳಿನ ಗ್ರಹವೊಂದಕ್ಕೆ ಅಪ್ಪಳಿಸಿ ಹೊತ್ತಿ ಉರಿಯುತ್ತದೆ. ತನ್ನ ತಾಯಿಯನ್ನು ಕೊಂದ ಆ ಮುದಿ ಸೇನಾಪತಿಯನ್ನು ಹತ್ತನೆಯ ರಾಣಿ ಬೆಂಕಿಯಿಂದ ಹೊರಗೆಳೆಯುತ್ತಾಳೆ. ಮೇಷ್ಟ್ರು ಹೇಳಿದ ಚಿತ್ರ ಹೀಗಿತ್ತು: ಎಡಗೈಯಲ್ಲಿ ವೈರಿ, ಆಕಾಶಕ್ಕೆತ್ತಿದ ಬಲಗೈಯಲ್ಲಿ ಕತ್ತಿ, ಹಿಂದೆ ಜ್ವಾಲೆ. ಮಸಿಯಕ್ಕ ಬರೆದು ತಂದ ಚಿತ್ರದಲ್ಲಿ ರಾಣಿ ಮಂಡಿಯೂರಿದ್ದಾಳೆ. ಎರಡೂ ಕೈ ಮುದುಕನ ಕಂಕುಳಡಿ ಹೊಕ್ಕಿವೆ. ಕತ್ತಿ ಪಕ್ಕದಲ್ಲಿ ಧೂಳಿನಲ್ಲಿ ಬಿದ್ದಿದೆ.

"ಕತ್ತಿ ಎತ್ತಿ ಹಿಡಿ" ಎಂದರು ಮೇಷ್ಟ್ರು.

"ಎತ್ತಿ ಹಿಡಿದ್ರೆ ಮುದುಕನ್ನ ಎಳೆಯಕ್ಕಾಗಲ್ಲ ಮೇಷ್ಟ್ರೇ. ಒಂದು ಕೈಲಿ ಆಗೋ ಕೆಲಸ ಅಲ್ಲ ಅದು. ಅಕ್ಕನೂ ನಾನೂ ಸೇರಿ ನಿಮ್ಮನ್ನ ಹಾಸಿಗೆಯಿಂದ ಎಬ್ಬಿಸಿದ್ದೀವಿ. ನನಗೆ ಗೊತ್ತು."

"ಕತ್ತಿ ಬಿಟ್ಟರೆ ಅವಳು ರಾಣಿಯೇ ಅಲ್ಲ. ವಂಶದ ಕಟ್ಟಳೆ."

"ರಾಣಿ ಅಲ್ದಿದ್ರೆ ಬೇಡ ಬಿಡಿ. ಮುದುಕ ಬದುಕ್ಬೇಕೋ ಬೇಡ್ವೋ, ಅದು ಹೇಳಿ."

ಕೆಲವು ದಿನ ಇಬ್ಬರಿಗೂ ಮಾತಿಲ್ಲ. ಪುಟ ತರುವುದು, ತೋರಿಸುವುದು, ತೆಗೆದುಕೊಂಡು ಹೋಗುವುದು, ಎಲ್ಲ ಮೇಷ್ಟ್ರ ಹೆಂಡತಿಯ ಮೂಲಕ. ಅಚ್ಚುಮನೆಯಲ್ಲಿ ಯಂತ್ರ ಕಾಯುತ್ತಿತ್ತು, ಪ್ರಕಾಶಕರು ಉಗುರು ಕಚ್ಚುತ್ತಿದ್ದರು. ಕತ್ತಿ ಎತ್ತಿದ ಚಿತ್ರವನ್ನೂ ಬರೆದುಕೊಟ್ಟುಬಿಡಿ, ಯಾವುದಾದರೊಂದು ಹಾಕೋಣ ಎಂದು ಅವರು ಕೇಳಿದಾಗ ಮಸಿಯಕ್ಕ ಒಪ್ಪಲಿಲ್ಲ. "ಮೇಷ್ಟ್ರು ಬೇಡ ಅಂದ್ರೆ ಇದು ಅಚ್ಚಾಗಲ್ಲ, ಸರಿ. ಕಥೆ ಅವರದು. ಆದ್ರೆ ಸುಳ್ಳು ಗೆರೆ ನನ್ನ ಕೈಲಿ ಬರಲ್ಲ. ಬೇರೆಯವರ ಹತ್ರ ಬರೆಸ್ಕೊಳ್ಳಿ ಅಂದೆ."

ಆ ದಿನಗಳ ಬಗ್ಗೆ ಮೇಷ್ಟ್ರನ್ನೇ ಕೇಳಿದೆ. ಗೋಡೆಗೆ ಒರಗಿಸಿದ ದಿಂಬಿಗೆ ಬೆನ್ನು ಕೊಟ್ಟು, ಒಂದೊಂದೇ ಪದ ಹುಡುಕಿ ಹೇಳಿದರು: "ಸಿಟ್ಟು ಬಂದಿತ್ತು. ಒಂದು ದಿನ ಸ್ನಾನಕ್ಕೆ ಎಬ್ಬಿಸ್ತಾ ಇದ್ದಾಗ ನೋಡ್ದೆ. ನನ್ನ ಹೆಂಡತಿ ಕೈಲಿದ್ದ ಟವೆಲ್ಲು, ಚೊಂಬು, ಬಳೆ ಎಲ್ಲಾ ತೆಗೆದು ಕೆಳಗಿಟ್ಟು ನನ್ನನ್ನ ಹಿಡಿದ್ಲು. ಯಾಕೋ ಆವತ್ತು ಕಣ್ಣಿಗೆ ಬಿತ್ತು. ಹತ್ತು ತಲೆಮಾರು ಬರೆದೆ, ಒಬ್ಬರಾದ್ರೂ ಇನ್ನೊಬ್ಬರನ್ನ ನೆಟ್ಟಗೆ ಎತ್ತಿರಲಿಲ್ಲ." ಸ್ನಾನ ಮುಗಿಸಿದವರೇ ಅಚ್ಚುಮನೆಗೆ ಫೋನು ಮಾಡಿಸಿ, ಕತ್ತಿ ಬಿದ್ದಲ್ಲೇ ಇರಲಿ ಎಂದರು.

ಪುಸ್ತಕ ಹೊರಬಿದ್ದ ವಾರ ಅಂಗಡಿಗಳಲ್ಲಿ ವಾಗ್ಯುದ್ಧ. ಯೋಧವಂಶಕ್ಕೆ ಅವಮಾನ ಎಂದವರು ಕೆಲವರು, ಆ ಪುಟವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡವರು ಕೆಲವರು. ಒಬ್ಬ ಓದುಗರಂತೂ ಹತ್ತೂ ಸಂಪುಟಗಳನ್ನು ಮೂಟೆ ಕಟ್ಟಿಕೊಂಡು, ಹಿಂದಿರುಗಿಸುತ್ತೇನೆ ಎಂದು ಅಚ್ಚುಮನೆಗೆ ನುಗ್ಗಿದರು. ಕೈಯಲ್ಲಿ ಕೊಡೆ, ಮುಖದಲ್ಲಿ ಕೆಂಡ. ಪ್ರಕಾಶಕರು ಮೆಲ್ಲಗೆ ಒಳಕೋಣೆ ಸೇರಿದರು. "ರಾಣಿ ಕೈಯಿಂದ ಕತ್ತಿ ಬಿಡಿಸಿದ್ದು ಯಾರು?" ಎಂದು ಬಂದವರು ಗುಡುಗಿದಾಗ, ಮೂಲೆಯಲ್ಲಿ ಕುಂಚ ತೊಳೆಯುತ್ತಿದ್ದ ಮಸಿಯಕ್ಕ "ನಾನೇ" ಎಂದರು.

"ಕೂತ್ಕೊಳ್ಳಿ ಅಂದೆ, ಕೂರ್ಲಿಲ್ಲ. ಸರಿ, ಆ ಕೊಡೇನ ಮೇಲಕ್ಕೆ ಎತ್ತಿ ಹಿಡ್ಕೊಂಡು, ಇನ್ನೊಂದು ಕೈಲಿ ನಿಮ್ಮ ಮೂಟೆ ಎತ್ತಿ ನೋಡೋಣ ಅಂದೆ. ಮೂಟೇನೂ ಉಲ್ಕಾವಂಶವೇ ಅಲ್ವಾ!"

ಅವರು ಎತ್ತಿದರು. ಮೂಟೆ ಒಂದು ಪಕ್ಕಕ್ಕೆ ವಾಲಿತು, ಮೇಲೇಳಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ಎತ್ತಿದರು. ಕೊನೆಗೆ ಕೊಡೆಯನ್ನು ಗೋಡೆಗೆ ಒರಗಿಸಿ, ಎರಡೂ ಕೈ ಹಾಕಿ ಮೂಟೆಯನ್ನು ಎದೆಗೆ ಎತ್ತಿಕೊಂಡರು. ಆಮೇಲೆ ಒಂದು ಲೋಟ ಚಹಾ ಕುಡಿದು, ಮೂಟೆ ಹೊತ್ತುಕೊಂಡೇ ಮನೆಗೆ ಹೋದರು. ಕೊಡೆ ಅಚ್ಚುಮನೆಯಲ್ಲೇ ಉಳಿದಿದೆ.

ಹತ್ತನೆಯ ಸಂಪುಟದ ಮರುಮುದ್ರಣವೂ ಆಯಿತು. ಪಟ್ಟ ಕಳೆದುಕೊಂಡ ರಾಣಿ, ಅವಳು ಬದುಕಿಸಿದ ವೈರಿ, ಮುಂದೇನು? ತಾವು ಎಂದೂ ಯೋಚಿಸಿರದ ಕಥೆಯನ್ನು ಮೇಷ್ಟ್ರು ಈಗ ದಿನಾ ಮಧ್ಯಾಹ್ನ ಒಂದಿಷ್ಟು ಹೇಳುತ್ತಾರೆ. ಮಸಿಯಕ್ಕ ಕೇಳಿಸಿಕೊಂಡು ಬಂದು ಮರುದಿನ ಬೆಳಿಗ್ಗೆ ಪೆನ್ಸಿಲ್ ಹಿಡಿಯುತ್ತಾರೆ. ಗೆರೆಯೂ ಅವರದೇ, ಮಸಿಯೂ ಅವರದೇ. ಖಾಲಿ ಹಾಳೆಯ ಭಯ ಹೋಯಿತೇ ಎಂದರೆ, "ಭಯ ಇದೆ. ಆದ್ರೆ ಈಗ ಅದೂ ನನ್ನ ಮಾತು ಕೇಳತ್ತೆ" ಎನ್ನುತ್ತಾರೆ.

ಹೊರಡುವ ಮುನ್ನ, ಈ ವಂಶಕ್ಕಾಗಿ ಇನ್ನೇನಾದರೂ ಬರೆಯುವ ಆಸೆಯಿದೆಯೇ ಎಂದು ಕೇಳಿದೆ. ಇನ್ನೂ ದೊಡ್ಡ ಯುದ್ಧವನ್ನೋ, ಹೊಸ ಗ್ರಹವನ್ನೋ ಹೇಳುತ್ತಾರೆಂದುಕೊಂಡಿದ್ದೆ. ಮಸಿಯಕ್ಕ ಬೆರಳ ಸಂದಿಯ ಕಪ್ಪನ್ನು ಬಟ್ಟೆಯಿಂದ ಒರೆಸಿಕೊಂಡರು. ಅದು ಹೋಗಲಿಲ್ಲ, ಅವರೂ ಅದರ ಗೋಜಿಗೆ ಹೋಗಲಿಲ್ಲ.

"ಹತ್ತು ಸಂಪುಟ ಆಯ್ತು. ಹುಟ್ಟಿದ್ರು, ಹೊಡೆದಾಡಿದ್ರು, ಸತ್ರು. ಇವರಲ್ಲಿ ಒಬ್ಬರೂ ಒಂದು ಸಲನಾದ್ರೂ ಕೂತು ಊಟ ಮಾಡಿಲ್ಲ ನೋಡಿ. ಮೇಷ್ಟ್ರನ್ನ ಕೇಳಿದ್ದೀನಿ, ನೋಡೋಣ ಅಂದಿದ್ದಾರೆ. ನಂಗೆ ಒಂದೇ ಒಂದು ಪುಟ ಸಾಕು. ಆ ಮುದುಕನ್ನೂ ಸೇರಿಸಿ ಎಲ್ಲರನ್ನೂ ಸಾಲಾಗಿ ಕೂರಿಸಿ, ಹೊಟ್ಟೆ ತುಂಬ ಬಡಿಸ್ಬೇಕು."