ಖಾಡಿಯ ಸಿಗಡಿ

ಎಪ್ಪತ್ತರ ದಶಕದ ಮೊದಲ ವರ್ಷಗಳು. ಸಯನ್‌ನ ನಮ್ಮ ಬಿಲ್ಡಿಂಗಿಗೆ ಮೀನು ತರುತ್ತಿದ್ದ ಹೆಂಗಸಿನ, ನಾವೆಲ್ಲ ಬಾಯಿ ಎಂದು ಕರೆಯುತ್ತಿದ್ದವಳ, ಮನೆಯವರಿಗೆ ಖಾಡಿಯಲ್ಲಿ, ಊರಾಚೆಯ ಹಿನ್ನೀರಿನಲ್ಲಿ, ಒಂದು ದೋಣಿಯಿತ್ತು. ಅದೇ ಖಾಡಿಯ ದಡದ ಫ್ಯಾಕ್ಟರಿಯೊಂದರಲ್ಲಿ ಅಪ್ಪ ಕೆಮಿಸ್ಟ್. ನನ್ನ ಕಾನ್ವೆಂಟಿನ ಫೀಸು, ಹೊಸ ಫ್ರಿಜ್, ಎವ್ರಿಥಿಂಗ್, ಆ ಫ್ಯಾಕ್ಟರಿಯ ಅನ್ನವೇ.

ಒಂದು ಭಾನುವಾರ ಸಿಗಡಿ ಸಾರಿನಲ್ಲಿ ಸೀಮೆಎಣ್ಣೆಯ ವಾಸನೆ ಬಂತು. ಅಮ್ಮ ನನ್ನನ್ನೇ ಹಿಡಿದುಕೊಂಡಳು.

"ಸ್ಟವ್ ಮುಟ್ಟಿದ ಕೈಯಲ್ಲೇ ಕಾಯಿ ತುರಿದದ್ದಾ ಮಾರಾಯ್ತಿ? ಕಾನ್ವೆಂಟಿನಲ್ಲಿ ಇಂಗ್ಲಿಷ್ ಮಾತ್ರವಾ, ಕೈ ತೊಳೆಯಲಿಕ್ಕೆ ಕಲಿಸುವುದಿಲ್ವಾ?"

ಪಾತ್ರೆಗಳನ್ನೆಲ್ಲ ಉಜ್ಜಿದ್ದಾಯಿತು. ಸ್ಟವ್ ಬಾಲ್ಕನಿಗೆ ಹೋಯಿತು. ಮುಂದಿನ ಭಾನುವಾರವೂ ಅದೇ ವಾಸನೆ. ಅಪ್ಪ ಸಿಗಡಿಗಳನ್ನು ತಟ್ಟೆಯ ಅಂಚಿಗೆ ಸರಿಸಿ ಮೊಸರನ್ನ ಉಣ್ಣುವುದನ್ನು ಅಮ್ಮ ನೋಡಿದಳು. ಆ ವಾಸನೆ ಎಲ್ಲಿಂದ ಬಂದದ್ದೆಂದು ಅವರಿಗೆ ಗೊತ್ತಿತ್ತು.

"ನಮ್ಮ ನೀರು ಸ್ವಲ್ಪ ಖಾಡಿಗೆ ಹೋಗ್ತದೆ," ಎಂದರು ಕೊನೆಗೆ. "ಫ್ಯಾಕ್ಟರಿಯೇ ಬೇಡ ಅಂದ್ರೆ ದೇಶ ಮುಂದೆ ಹೋಗುವುದು ಹೇಗೆ?"

"ದೇಶ ಹೋಗಲಿ. ಆ ಮೀನಿನ ಹೆಂಗಸು ಎಲ್ಲಿಗೆ ಹೋಗುವುದು?"

ಬಿಲ್ಡಿಂಗಿನ ಬಾಗಿಲುಗಳು ಆಕೆಗೆ ಒಂದೊಂದಾಗಿ ಮುಚ್ಚಿದವು. ಆಕೆ ಬಂದರಿನ ಡಾಕ್‌ನಿಂದ ಐಸ್ ಹಾಕಿದ ಮೀನು ಕೊಂಡು ತರತೊಡಗಿದಳು. ಅದರಲ್ಲಿ ಏನೂ ಗಿಟ್ಟುತ್ತಿರಲಿಲ್ಲ. ಒಂದು ಬೆಳಿಗ್ಗೆ ಬುಟ್ಟಿಯನ್ನು ಹೊಸ್ತಿಲ ಹೊರಗಿಟ್ಟು ಅಪ್ಪನನ್ನು ಕರೆದಳು. ಆಕೆಯ ಮಾತು ಮರಾಠಿ, ಅದರ ಅರ್ಥ ಇಷ್ಟೇ:

"ಸಾಹೇಬ್, ಬಲೆ ತುಂಬ ಬರೀ ಜಿಡ್ಡು. ಮಗನನ್ನು ನಿಮ್ಮ ಕಂಪನಿಗೆ ಸೇರಿಸಿ."

ಎದೆಯ ಮೇಲಿನ ಕಲ್ಲು ಇಳಿದವರಂತೆ ಅಪ್ಪ ತಕ್ಷಣ ಹೂಂ ಎಂದರು. ಹುಡುಗನಿಗೆ ಕೆಲಸವೂ ಆಯಿತು. ಅಪ್ಪ ಕೆಲವು ದಿನ ಊಟದ ಹೊತ್ತಿಗೆ ಜೋಕ್ ಕೂಡ ಹೇಳಿದರು, ಪೂರ್ ಮ್ಯಾನ್.

ಮಳೆಗಾಲ ಮುಗಿದ ಮೇಲೆ ಆಕೆ ಮತ್ತೆ ಅಪ್ಪನನ್ನೇ ಕೇಳಿಕೊಂಡು ಬಂದಳು.

"ಮಗನ ಮೈಮೇಲೆ ನಿಮ್ಮ ಕಂಪನಿಯ ಯೂನಿಫಾರ್ಮ್ ನೋಡಿ ನಮ್ಮ ಕೇರಿಯಲ್ಲಿ ಯಾರೂ ಮಾತಾಡಿಸೊಲ್ಲ, ಸಾಹೇಬ್. ಮೈದುನನಿಗೂ ಕೊಡಿಸಿ, ಪಕ್ಕದ ಮನೆಯವನಿಗೂ."

"ಇಡೀ ಕೇರಿಗೆ ನೌಕರಿ ಎಲ್ಲಿಂದ ತರಲಿ, ಬಾಯಿ?"

"ಹಾಗಾದ್ರೆ ಆ ನೀರು ನಿಲ್ಲಿಸಿ. ಎರಡರಲ್ಲಿ ಒಂದಾದ್ರೂ ಮಾಡಿ."

ಎರಡೂ ಅಪ್ಪನ ಕೈಯಲ್ಲಿರಲಿಲ್ಲ. "ಮ್ಯಾನೇಜ್‌ಮೆಂಟಿಗೆ ಹೇಳಿ ನೋಡ್ತೇನೆ," ಎಂದು ಒಳಗೆ ಹೋದರು. ಹೇಳಿದರೋ ಇಲ್ಲವೋ, ಇಂದಿಗೂ ನನಗೆ ತಿಳಿಯದು. ಹೇಳಿದರೆ ಅವರ ಕೆಲಸವೇ ಹೋದೀತೆಂದು ನನಗೆ ಆಗ ಹೆದರಿಕೆ.

ಬಾಗಿಲಲ್ಲಿ ಅಮ್ಮ ಮತ್ತು ಆಕೆ ಇಬ್ಬರೇ ಉಳಿದರು. ಅಮ್ಮ ಬುಟ್ಟಿಯಲ್ಲಿದ್ದ ಬಂಗುಡೆಯನ್ನೆಲ್ಲ ಆಕೆ ಹೇಳಿದ ರೇಟಿಗೇ ತೆಗೆದುಕೊಂಡಳು. ಕಿವಿರು ಎತ್ತಿ ನೋಡಲಿಲ್ಲ, ಒಂದು ಮಾತೂ ಚೌಕಾಶಿ ಮಾಡಲಿಲ್ಲ.

ಆಕೆ ಬೆಚ್ಚಿದಂತೆ ತಲೆಯೆತ್ತಿದಳು. "ಹೀಗೆ ಭಿಕ್ಷೆ ಹಾಕಬೇಡಿ ವಹಿನಿ. ಜಗಳ ಮಾಡಿ, ಮೀನು ಹಳೆಯದು ಅನ್ನಿ."

ಅಮ್ಮ ಪೂರ್ತಿ ದುಡ್ಡನ್ನೇ ಎಣಿಸಿ ಆಕೆಯ ಕೈಗಿಟ್ಟಳು. ಆಕೆ ಖಾಲಿ ಬುಟ್ಟಿ ಎತ್ತಿಕೊಂಡು ಮೆಟ್ಟಿಲಿಳಿದಳು. ಮತ್ತೆಂದೂ ನಮ್ಮ ಮಹಡಿ ಹತ್ತಲಿಲ್ಲ.