ರಿಬ್ಬನ್ ಕಟ್ಟಿದ ಪೆಟ್ಟಿಗೆ

ನಮ್ಮವರು ಸೇವಾ ಕ್ಲಬ್ಬಿಗೆ ಸೇರಿದ್ದು ಸೇವೆ ಮಾಡಲಿಕ್ಕಲ್ಲ, ಮನೆಗೆ ಬಂದವರಿಗೆ ಇಲ್ಲ ಎನ್ನಲಾರದೆ. ಹೊಳೆನರಸೀಪುರದ ನಮ್ಮ ಮನೆಗೆ ಕ್ಲಬ್ಬಿನ ಅಧ್ಯಕ್ಷರು ಮತ್ತೆ ಮತ್ತೆ ಬಂದರು. ಅವರಿಗೆ ಸಿಮೆಂಟು, ಕಬ್ಬಿಣದ ಅಂಗಡಿ. ಬಂದಾಗಲೆಲ್ಲ ನನ್ನ ಕೋಡುಬಳೆ ತಿಂದು, ‘ಸಮಾಜಕ್ಕೆ ನಾವೂ ಏನಾದ್ರೂ ಕೊಡಬೇಕು ಸಾರ್’ ಎನ್ನುತ್ತಿದ್ದರು. ಒಬ್ಬ ಸದಸ್ಯ ಇನ್ನಿಬ್ಬರನ್ನು ಹಿಡಿದು ತರಬೇಕೆಂಬುದು ಅಲ್ಲಿಯ ಕಟ್ಟಳೆ. ಹಿಡಿದು ಹಿಡಿದು ಪೇಟೆ ಬೀದಿಯ ಅಂಗಡಿಯವರೆಲ್ಲ ಮುಗಿದು, ಕೊನೆಗೆ ಹೆಂಡತಿಯರ ಸರದಿ ಬಂತು. ಮಹಿಳಾ ಘಟಕ ಮಾಡುತ್ತೇವೆ ಬನ್ನಿ ಎಂದಾಗ, ‘ನನಗೆ ದೇವರ ಮನೆ, ಅಡುಗೆ ಮನೆ ಅಂತ ಎರಡು ಘಟಕ ಇವೆ, ಸಾಕು’ ಎಂದೆ.

ಅವರ ಸೇವೆಯನ್ನು ಕಣ್ಣಾರೆ ಕಂಡವಳು ನಾನು. ಆಸ್ಪತ್ರೆಯಲ್ಲಿ ಹಣ್ಣು ಹಂಚುವ ದಿನ ಒಂದು ಬಾಳೆಹಣ್ಣಿಗೆ ಐದು ಕೈ. ಫೋಟೋದಲ್ಲಿ ಹಣ್ಣು ಕಾಣುತ್ತದೆ, ಕೋಟು ಕಾಣುತ್ತದೆ, ರೋಗಿ ಮಾತ್ರ ಕಾಣುವುದಿಲ್ಲ. ಶಾಂತಿಗ್ರಾಮದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಗಿಡ ನೆಟ್ಟರು. ಮರುವರ್ಷ ಅದೇ ಗುಂಡಿಗೆ ಇನ್ನೊಂದು ಗಿಡ ನೆಟ್ಟರು. ನೀರು ಹಾಕುವುದು ಯಾರ ಪಾಲಿನ ಸೇವೆ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಹಾಸನದ ಹೋಟೆಲಿನಲ್ಲಿ ಸಭೆ ಇಟ್ಟರೆ ಮಾತ್ರ ಒಬ್ಬರೂ ತಪ್ಪಿಸಿಕೊಳ್ಳುವುದಿಲ್ಲ. ಅಂಥದ್ದೊಂದು ಸಭೆಯಿಂದ ನಮ್ಮವರು ಕೋಟಿಗೆ ಕ್ಲಬ್ಬಿನ ಪಿನ್ನು ಚುಚ್ಚಿಸಿಕೊಂಡು ಬಂದರು. ಸದ್ಯ, ಕುಡಿದು ಬರಲಿಲ್ಲ. ಅಷ್ಟು ದಯೆ ನಮ್ಮ ನರಸಿಂಹಸ್ವಾಮಿಯದು.

ಹೋದ ಬೇಸಿಗೆಯಲ್ಲಿ ಕ್ಲಬ್ಬಿನವರು ಒಂದು ಫ್ರೀಜರ್ ಪೆಟ್ಟಿಗೆ ಕೊಂಡರು. ದೂರದೂರಿನ ಮಕ್ಕಳು ಬರುವ ತನಕ ಹೆಣವನ್ನು ಕೆಡದ ಹಾಗೆ ಮನೆಯಲ್ಲೇ ಇಡುವ ಪೆಟ್ಟಿಗೆ. ಒಳ್ಳೆಯ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಅದರ ಮೈತುಂಬ ದಾನಿಗಳ ಹೆಸರು ಬರೆಸಿದರು. ಅಧ್ಯಕ್ಷರ ಹೆಸರು ತಲೆಯ ಕಡೆ ಬಂತು, ತಮ್ಮದು ಕಾಲಿನ ಕಡೆ ಹೋಯಿತು ಎಂದು ನಮ್ಮವರು ವಾರವೆಲ್ಲ ಎಲೆಯ ಮುಂದೆ ಮುಖ ಊದಿಸಿಕೊಂಡು ಕೂತರು.

‘ಅಲ್ಲಾ ರೀ, ಒಳಗೆ ಮಲಗಿದೋರು ಎದ್ದು ಓದ್ತಾರಾ?’ ಎಂದು ಕೇಳಿದೆ.

‘ನಿನಗೆ ಪ್ರೋಟೋಕಾಲ್ ಅಂದ್ರೆ ಗೊತ್ತಿಲ್ಲ, ಸುಮ್ನಿರು.’

ಪೆಟ್ಟಿಗೆ ಊರಿಗೆ ಬಂದರೂ ಜನರ ಕೈಗೆ ಸಿಗಲಿಲ್ಲ. ಅದನ್ನು ಗವರ್ನರ್ ಲೋಕಾರ್ಪಣೆ ಮಾಡಬೇಕಂತೆ. ಗವರ್ನರ್ ಎಂದರೆ ರಾಜ್ಯಪಾಲರಲ್ಲ. ಸುತ್ತಿನ ಕ್ಲಬ್ಬುಗಳೆಲ್ಲ ಸೇರಿ ತಮಗೆ ತಾವೇ ಆರಿಸಿಕೊಂಡ ಯಜಮಾನರು. ಅವರಿಗೆ ಬಿಡುವಾಗುವ ತನಕ ಪೆಟ್ಟಿಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಅಧ್ಯಕ್ಷರ ಗೋದಾಮಿನಲ್ಲಿ, ಸಿಮೆಂಟು ಮೂಟೆಗಳ ನಡುವೆ ಕೂತಿತ್ತು. ಮುಹೂರ್ತ ಕೇಳಲು ಹೋದವರನ್ನು ನಮ್ಮ ಬೀದಿಯ ಅರ್ಚಕರು, ‘ಒಳ್ಳೇ ಗಳಿಗೆ ಅಂದ್ರೆ ಯಾರಿಗೆ ಒಳ್ಳೇದು ಸ್ವಾಮಿ? ರಿಬ್ಬನ್ ಕತ್ತರಿಸೋರಿಗೋ, ಒಳಗೆ ಮಲಗೋರಿಗೋ?’ ಎಂದು ಕೇಳಿ ಎದ್ದು ಹೋದರಂತೆ. ಆಮೇಲೆ ಕ್ಲಬ್ಬಿನವರೇ ಒಂದು ಭಾನುವಾರ ಗೊತ್ತುಮಾಡಿಕೊಂಡು, ಸದಸ್ಯರ ಹೆಂಡತಿಯರು ರೇಷ್ಮೆ ಸೀರೆ ಉಟ್ಟು ಆರತಿ ಹಿಡಿಯಬೇಕು ಎಂದು ಹೇಳಿ ಕಳಿಸಿದರು. ಹೆಣದ ಪೆಟ್ಟಿಗೆಗೆ ಆರತಿ! ಕೇಳಿದ್ದೇ ನಾನು ದೇವರ ದೀಪದ ಮುಂದೆ ಕೂತು ರಾಮ ರಾಮ ಎಂದೆ.

ಆ ಭಾನುವಾರಕ್ಕೆ ಮುಂಚಿನ ಗುರುವಾರ ಬೆಳಿಗ್ಗೆ ಹಿಂದಿನ ಬೀದಿಯ ನನ್ನ ಗೆಳತಿ ತೀರಿಕೊಂಡಳು. ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದವಳು. ಗಂಡ ಹೋದ ಮೇಲೆ ಗೂಡ್ಸ್ ಆಟೋ ಓಡಿಸುವ ತಮ್ಮನ ಮನೆಯಲ್ಲಿದ್ದಳು. ಒಬ್ಬಳೇ ಮಗಳು, ಗಡಿ ಕಾಯುವ ಪಡೆಯಲ್ಲಿ, ದೂರದ ಅಸ್ಸಾಮಿನಲ್ಲಿ. ಫೋನಿನಲ್ಲಿ ಆ ಹುಡುಗಿ ಅಳಲಿಲ್ಲ.

‘ಆಂಟಿ, ಎಷ್ಟು ಬೇಗ ಅಂದ್ರೂ ಶನಿವಾರ ಮಧ್ಯಾಹ್ನ ಆಯ್ತದೆ. ಅಲ್ಲೀಗಂಟ ಎತ್ತಕ್ಕೆ ಬಿಡಬೇಡಿ. ಅವ್ವನ ಮಕ ಒಂದ್ಸಲ ನೋಡ್ಬೇಕು.’

ನೋಡಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಹೊರಗೆ ಸುಡುವ ಬಿಸಿಲು. ಕೇರಿಯ ಹಿರಿಯರು ಸಂಜೆಯೊಳಗೆ ಎತ್ತಲೇಬೇಕು ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಇಡಲು ತಮ್ಮನಿಗೆ ಮನಸ್ಸಿಲ್ಲ; ಅಕ್ಕ ಮನೆಯಿಂದಲೇ ಹೋಗಬೇಕು. ಚನ್ನರಾಯಪಟ್ಟಣದಲ್ಲಿ ಬಾಡಿಗೆಗೆ ಕೊಡುವವರ ಪೆಟ್ಟಿಗೆ ಆಗಲೇ ಇನ್ನೊಬ್ಬರ ಮನೆಗೆ ಹೋಗಿತ್ತು. ಉಳಿದದ್ದು ರಿಬ್ಬನ್ ಕಟ್ಟಿಕೊಂಡು ಕೂತದ್ದೊಂದೇ. ಅವಳ ತಮ್ಮನ ಜೊತೆ ನಾನೇ ಅಧ್ಯಕ್ಷರ ಅಂಗಡಿಗೆ ಹೋದೆ. ‘ನಾನು ಮಾತಾಡ್ತೀನಿ’ ಎಂದು ಹೊರಟು ಬಂದ ನಮ್ಮವರು, ಅಲ್ಲಿ ಸಿಮೆಂಟಿನ ದರಪಟ್ಟಿ ಓದುತ್ತ ನಿಂತರು.

‘ಕೊಡಬಹುದಿತ್ತಮ್ಮಾ’ ಎಂದರು ಅಧ್ಯಕ್ಷರು. ‘ಆದ್ರೆ ಭಾನುವಾರ ಗವರ್ನರ್ ಬರ್ತಿದ್ದಾರಲ್ಲ. ಒಂದ್ಸಲ ಬಾಡಿ ಇಟ್ಟುಬಿಟ್ರೆ ಅದು ಸೆಕೆಂಡ್ ಹ್ಯಾಂಡ್ ಆಗೋಗುತ್ತೆ. ಅದರ ಮುಂದೆ ಅವರನ್ನ ಹೆಂಗೆ ನಿಲ್ಲಿಸೋದು?’

‘ಹೆಣ ಇಡೋಕೆ ತಾನೇ ತಂದಿರೋದು?’

‘ಲೋಕಾರ್ಪಣೆ ಆದ ಮೇಲಮ್ಮಾ.’

‘ಅಂಗಾರೆ ನಮ್ಮಕ್ಕ ಭಾನುವಾರ ಸಾಯ್ಬೇಕಿತ್ತು ಅಂತೀರಾ ಸಾ?’ ಎಂದ ತಮ್ಮ.

ಅಧ್ಯಕ್ಷರಿಗೆ ಸ್ವಲ್ಪ ಕಸಿವಿಸಿಯಾಯಿತು. ಅರಕಲಗೂಡಿನ ಕ್ಲಬ್ಬಿನಲ್ಲೂ ಒಂದು ಪೆಟ್ಟಿಗೆ ಇದೆಯೆಂದು ಅಲ್ಲಿಗೆ ಫೋನು ಮಾಡಿ, ನಮಗೂ ಕೇಳುವ ಹಾಗೆ ಹಿಡಿದರು. ಅಲ್ಲಿಯವರು ಮೊದಲು ಕೇಳಿದ್ದು ಹೋದವರು ಯಾರು ಎಂದಲ್ಲ, ಮನೆಯವರು ಮೆಂಬರಾ ಎಂದು. ‘ಮೆಂಬರ್ ಮನೆಗೆ ಫಸ್ಟ್ ಪ್ರಿಫರೆನ್ಸ್. ಈಗ ಸದಸ್ಯತ್ವ ಅಭಿಯಾನ ನಡೀತಿದೆ, ಯಾರಾದ್ರೂ ಸೇರೋದಾದ್ರೆ ನೋಡೋಣ’ ಎಂದರು. ಅದನ್ನು ಕೇಳಿ ನಮ್ಮ ಅಧ್ಯಕ್ಷರ ಕಣ್ಣು ಅರಳಿತು. ಫೋನಿಗೆ ಕೈ ಮುಚ್ಚಿ, ‘ಅಲ್ಲಿಗ್ಯಾಕಪ್ಪಾ ಸೇರ್ತೀಯ, ನಮ್ಮಲ್ಲೇ ಸೇರು’ ಎಂದರು. ಮನೆಯಲ್ಲಿ ಅಕ್ಕನ ಹೆಣ ಮಲಗಿರುವವನ ಹತ್ತಿರ!

‘ನಡೀರಿ ಅಮ್ಮಾರೆ’ ಎಂದ ಅವನು. ‘ಇಲ್ಲೇ ನಿಂತಿದ್ರೆ ನಮ್ಮನ್ನೂ ಅದರೊಳಿಕ್ಕೆ ಸೇರುಸ್ಬುಡ್ತಾರೆ.’

ಆಟೋ ತಿರುಗಿಸಿಕೊಂಡು ಹಾಸನಕ್ಕೆ ಹೋದವನು ಮೀನು ವ್ಯಾಪಾರಿಯೊಬ್ಬನ ಹತ್ತಿರದಿಂದ ಐಸ್ ಗಡ್ಡೆ ತುಂಬಿಸಿಕೊಂಡು ಬಂದ. ಗೋಣಿಚೀಲ, ಮರದ ಹೊಟ್ಟು, ಬೇವಿನ ಸೊಪ್ಪು, ಮೇಲೆ ಬಾಳೆ ಎಲೆ. ಕರಗಿದ ಹಾಗೆಲ್ಲ ಮತ್ತೆ ತಂದು ಸುರಿಯುವುದು, ಕೇರಿಯ ಹೆಂಗಸರು ನೀರು ಬಳಿದು ಹೊರಗೆ ಚೆಲ್ಲುವುದು. ಯಾರಿಗೂ ಪಿನ್ನಿಲ್ಲ, ಕೋಟಿಲ್ಲ. ಮೀನಿನ ವಾಸನೆಯ ಆ ಗಡ್ಡೆ ಮುಟ್ಟುವಾಗ ನನಗೆ ನನ್ನ ಮಡಿ ನೆನಪಾಗಲೇ ಇಲ್ಲ. ಕರೆಂಟು ಹೋಗದೆ ಫ್ಯಾನು ತಿರುಗುತ್ತಲೇ ಇತ್ತು. ಶುಕ್ರವಾರ ನಮ್ಮವರೂ ಬಂದು ಒಂದು ಚೀಲ ಐಸು ಇಳಿಸಿದರು. ಮಡಿ ಮರೆತದ್ದು, ಕರೆಂಟು ಉಳಿದದ್ದು, ಇವರು ಬಂದದ್ದು, ಈ ಮೂರೂ ನಾನು ಕೇಳದೆ ನರಸಿಂಹಸ್ವಾಮಿ ಕೊಟ್ಟದ್ದು.

ಅಂದೇ ಸಂಜೆ ಕ್ಲಬ್ಬಿನವರು ಬಂದರು, ಹಾರದೊಂದಿಗೆ, ಫೋಟೋದವನೊಂದಿಗೆ. ಹೆಣದ ಸುತ್ತ ಸಾಲಾಗಿ ನಿಂತರು. ಅಧ್ಯಕ್ಷರು ತಮ್ಮನ ಕಿವಿಯ ಹತ್ತಿರ, ‘ಮಗಳು ಬಂದ್ಮೇಲೆ ಭಾನುವಾರದ ಫಂಕ್ಷನ್‌ಗೆ ಕರ್ಕೊಂಡು ಬಾರಪ್ಪಾ, ವೀರಯೋಧೆ ಅಂತ ಸನ್ಮಾನ ಮಾಡ್ತೀವಿ’ ಎಂದರು.

‘ಸಾ, ಐಸು ಕರಗ್ತಾ ಐತೆ. ಒಸಿ ಅತ್ಲಾಗೆ ನಿಂತ್ಕಳಿ’ ಎಂದು ಅವನು ಚೀಲ ಬಿಚ್ಚಿದ.

ಬೂಟಿಗೆ ನೀರು ತಾಗಿದ್ದೇ ಸಾಲು ಚದುರಿತು.

ಶನಿವಾರ ಮಧ್ಯಾಹ್ನ ಹುಡುಗಿ ಬಂದಳು. ಬೆನ್ನಿನ ಚೀಲ ಇಳಿಸದೆ ಒದ್ದೆ ನೆಲದ ಮೇಲೆ ಮಂಡಿಯೂರಿ ಕೂತಳು. ಅವ್ವನ ಮುಖ ಊದಿರಲಿಲ್ಲ, ಬಣ್ಣ ಕೆಟ್ಟಿರಲಿಲ್ಲ. ಮಲಗಿದವಳ ಹಾಗೇ ಇದ್ದಳು ನನ್ನ ಗೆಳತಿ. ಹುಡುಗಿ ಅವ್ವನ ಹಣೆಯ ಮೇಲಿದ್ದ ನೀರ ಹನಿಯನ್ನು ಅಂಗೈಯಲ್ಲಿ ಒರೆಸಿದಳು. ಕೆನ್ನೆ ಮುಟ್ಟಿದಳು. ಕಿವಿಯ ಹಿಂದಿನ ಕೂದಲು ಸರಿಮಾಡಿದಳು. ಆಗ ಅತ್ತಳು, ಹೊಟ್ಟೆ ತುಂಬ ಅತ್ತಳು.

ಪೆಟ್ಟಿಗೆಯ ವಿಷಯ ಅವಳಿಗೆ ನಾವು ಯಾರೂ ಹೇಳಲಿಲ್ಲ. ಆ ಮುಖದ ಮುಂದೆ ಹೇಳುವಷ್ಟು ಬೆಲೆ ಅದಕ್ಕಿರಲಿಲ್ಲ.

ಅತ್ತು ಮುಗಿದ ಮೇಲೆ ಸೋದರಮಾವನ ಕಡೆ ತಿರುಗಿ, ‘ನೋಡ್ದೆ ಮಾವ. ಇನ್ನ ಎತ್ತಿ’ ಎಂದಳು.